ಸೀಲಿಂಗ್‌ನಲ್ಲಿ ಕಂದು ಕಲೆ: ಬಣ್ಣ ಬಳಿಯುವುದೋ, ತುಂಡು ಕತ್ತರಿಸುವುದೋ, ಪೂರ್ತಿ ಕೀಳುವುದೋ?

ಮೊನ್ನೆ ಯಾದಗಿರಿಯಿಂದ ಚಿಗವ್ವ ಫೋನ್ ಮಾಡಿದ್ದಳು. "ಏ ತಮ್ಮಾ, ಮ್ಯಾಲಿನ ಖೋಲಿ ಸೀಲಿಂಗಿಗೆ ಚಾ ಚೆಲ್ಲಿದಂಗ ಕಲಿ ಬಿದ್ದದ. ಪೇಂಟರ್ ಬಂದು ಎರಡು ಕೋಟ್ ಹೊಡದ್ರ ಹೋಗ್ತದ ಅಂದ. ಸೀಲಿಂಗ್ ಮಾಡಿದಂವ ಎಲ್ಲಾ ಕಿತ್ತು ಹೊಸಾದು ಹಾಕ್ಬೇಕು ಅಂತಾನ. ಗೌಂಡಿ ಮಾಳಿಗಿ ಮ್ಯಾಲ ಟೈಲ್ಸ್ ಹಾಕ್ರಿ ಅಂತಾನ. ನಾ ಯಾರ ಮಾತು ಕೇಳ್ಲಿ?"

ಮೂವರೂ ಅವಳಿಗೆ ಮೋಸ ಮಾಡುತ್ತಿರಲಿಲ್ಲ. ಒಬ್ಬೊಬ್ಬರೂ ತಮಗೆ ಗೊತ್ತಿರುವ ಕೆಲಸವನ್ನೇ ಹೇಳಿದ್ದರು. ಮಿರಗ, ಅಂದರೆ ಮೃಗಶಿರಾ ಮಳೆ ಸುರುವಾಯಿತೆಂದರೆ ಕಲಬುರಗಿಯಲ್ಲೂ ಬೀದರಿನಲ್ಲೂ ಇದೇ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಮನೆ ಕಟ್ಟಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದೇನೆ, ಸ್ವಂತ ಮನೆಯಲ್ಲೂ ಈ ಕಲೆಯನ್ನು ಅನುಭವಿಸಿದ್ದೇನೆ. ಹಾಗಾಗಿ ಒಮ್ಮೆ ಕೂತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮ ಕಡೆ ಮೇಲಿನ ಮಹಡಿಗೆ ಫಾಲ್ಸ್ ಸೀಲಿಂಗ್ ಹಾಕಿಸುವುದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ಬಿಸಿಲು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿದಾಗ ಸ್ಲ್ಯಾಬ್ ಕೆಳಗೆ ಮಲಗುವುದು ಕಾದ ಹಂಚಿನ ಕೆಳಗೆ ಮಲಗಿದಂತೆ. ಸ್ಲ್ಯಾಬಿಗೂ ಬೋರ್ಡಿಗೂ ನಡುವೆ ಮುಕ್ಕಾಲು ಅಡಿಯೋ ಒಂದು ಅಡಿಯೋ ಗಾಳಿ ಬಿಟ್ಟರೆ ಒಂದಿಷ್ಟು ತಡೆ ಸಿಗುತ್ತದೆ. ಆದರೆ ಆ ಸಂದು ಕತ್ತಲೆಯ ಅಟ್ಟ ಇದ್ದಂತೆ. ಅಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡುವುದಿಲ್ಲ. ಬರಿ ಸ್ಲ್ಯಾಬ್ ಆಗಿದ್ದರೆ ಮೊದಲ ತೇವ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಬೋರ್ಡ್ ಇದ್ದಲ್ಲಿ ಕಲೆ ಕಾಣುವ ಹೊತ್ತಿಗೆ ಮೇಲೆ ಎಷ್ಟೋ ದಿನದಿಂದ ನೀರು ಓಡಾಡಿರುತ್ತದೆ.

ನಿರ್ಧಾರಕ್ಕೆ ಮುಂಚೆ ನೋಡಬೇಕಾದ್ದು

ಮೊದಲನೆಯದು, ನೀರು ಸೋರುವುದು ನಿಂತಿದೆಯೋ ಇಲ್ಲವೋ. ಇದಕ್ಕೆ ಉತ್ತರ ಸಿಗುವ ತನಕ ಸೀಲಿಂಗಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಎರಡನೆಯದು, ಬೋರ್ಡು ಗಟ್ಟಿ ಇದೆಯೋ, ಮೆತ್ತಗಾಗಿದೆಯೋ. ಕಲೆಯ ನಡುವೆ ಹೆಬ್ಬೆರಳಿನಿಂದ ಒತ್ತಿ. ಒಣ ಜಿಪ್ಸಮ್ ಬೋರ್ಡ್ ಜಗ್ಗುವುದಿಲ್ಲ. ಬೆರಳು ಒಳಗೆ ಇಳಿದರೆ, ಮೇಲಿನ ಕಾಗದ ಸುಕ್ಕಾಗಿ ಎದ್ದಿದ್ದರೆ, ಬೋರ್ಡು ಹೊಟ್ಟೆ ಬಿಟ್ಟಿದ್ದರೆ ಅದು ಮುಗಿದ ಬೋರ್ಡು. ಒಣಗಿದ ಮೇಲೂ ಮೊದಲಿನ ಕಸುವು ಬರುವುದಿಲ್ಲ.

ಮೂರನೆಯದು, ಕಲೆಯ ವಿಸ್ತಾರ ಮತ್ತು ಬೂಷ್ಟು. ಜಿಪ್ಸಮ್ ಬೋರ್ಡಿನ ಎರಡೂ ಬದಿಗೆ ಕಾಗದ ಅಂಟಿಸಿರುತ್ತಾರೆ. ಒದ್ದೆ ಕಾಗದ ಬೂಷ್ಟಿಗೆ ಒಳ್ಳೆಯ ಊಟ, ಒಂದೆರಡು ದಿನ ತೇವ ಇದ್ದರೆ ಸಾಕು, ಬೆಳೆಯಲು ಸುರು. ಕೆಳಗೆ ಕಪ್ಪು ಚುಕ್ಕೆ ಕಂಡರೆ ಮೇಲ್ಬದಿಯಲ್ಲಿ ಅದಕ್ಕಿಂತ ಹೆಚ್ಚು ಇದೆ ಎಂದೇ ತಿಳಿಯಿರಿ.

ಉಳಿದವು ನಿಮ್ಮ ಪರಿಸ್ಥಿತಿಗೆ ಸೇರಿದವು. ಮನೆ ಸ್ವಂತದ್ದೋ ಬಾಡಿಗೆಯದೋ? ಆ ಕೋಣೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು, ದಮ್ಮಿನ ತೊಂದರೆ ಇರುವವರು ಮಲಗುತ್ತಾರೋ? ಈಗ ಎಷ್ಟು ಹಣ ಇದೆ, ಮುಂದಿನ ಬೇಸಿಗೆಯೊಳಗೆ ಎಷ್ಟು ಹೊಂದಿಸಬಹುದು? ಈ ಕೊನೆಯದನ್ನು ಮುಚ್ಚಿಡದೆ ಲೆಕ್ಕ ಹಾಕಿ. ಕೆಲಸವನ್ನು ಎರಡು ಕಂತಿನಲ್ಲಿ ಮಾಡಿದರೆ ತಪ್ಪೇನೂ ಇಲ್ಲ, ಕಂತಿನ ಕ್ರಮ ಮಾತ್ರ ಸರಿ ಇರಬೇಕು.

ಕಲೆಯನ್ನು ಓದುವುದು

ಒಂದು ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚಿನ ಸುತ್ತ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಪ್ರತಿ ಮಳೆಯ ಮಾರನೆಯ ದಿನ ನೋಡಿ. ಖರ್ಚೇ ಇಲ್ಲದ ಈ ಪರೀಕ್ಷೆ ಅರ್ಧ ಉತ್ತರ ಕೊಡುತ್ತದೆ. ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ದಾರಿ ಮಾಳಿಗೆಯದು, ಅಂದರೆ ತಾರಸಿಯದು. ಮಳೆ ಇಲ್ಲದ ದಿನವೂ ಬೆಳೆಯುತ್ತಿದ್ದರೆ ಪೈಪು, ಬಚ್ಚಲು, ನೀರಿನ ಟಾಕಿ, ಇಲ್ಲವೇ ಎಸಿ.

ಕಲೆಯಲ್ಲಿ ಒಂದರೊಳಗೆ ಒಂದು ಉಂಗುರಗಳು ಕಂಡರೆ ನೀರು ಹಲವು ಸಲ ಬಂದು ಹೋಗಿದೆ. ನೀರು ಹರಡಿ ಅಂಚಿನಲ್ಲಿ ಆರುವಾಗ ತನ್ನೊಳಗಿನ ಕೊಳೆಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅದಕ್ಕೇ ನಡು ತಿಳಿ, ಅಂಚು ಗಾಢ. ಒಂದೇ ಉಂಗುರ, ತಿಂಗಳುಗಟ್ಟಲೆ ಬದಲಾಗದೆ ಇದ್ದರೆ ಹಳೆಯ ಘಟನೆ ಇರಬಹುದು. ಸಾಲಾಗಿ ಸಣ್ಣ ಸಣ್ಣ ತುಕ್ಕಿನ ಚುಕ್ಕೆ ಕಂಡರೆ ಅದು ಬೋರ್ಡ್ ಹಿಡಿದಿರುವ ಸ್ಕ್ರೂಗಳ ತಲೆ.

ಕಲೆಯ ನೇರ ಮೇಲೆಯೇ ಬಿರುಕು ಇರುತ್ತದೆ ಎಂದು ನಂಬಬೇಡಿ. ನನ್ನ ಮನೆಯಲ್ಲಿ ನಾನು ಮಾಡಿದ ತಪ್ಪು ಇದೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಹರಿದ ಆ ಮಳೆಯಲ್ಲಿ ನಮ್ಮ ಮಲಗುವ ಕೋಣೆಯ ಸೀಲಿಂಗ್ ನಡುವೆ ಕಲೆ ಬಿತ್ತು. ಮೇಲೆ ಹೋಗಿ ಅದೇ ಜಾಗ ನೋಡಿದೆ, ಕೂದಲಿನಂಥ ಒಂದು ಬಿರುಕಿತ್ತು. ಸಿಮೆಂಟ್ ತುಂಬಿಸಿ, ಕೆಳಗೆ ಬಣ್ಣ ಹಚ್ಚಿಸಿದೆ. ಮೂರನೇ ದಿನಕ್ಕೆ ಬಣ್ಣದ ಮೇಲೆ ಹಳದಿ ಮತ್ತೆ ಮೂಡಿತು, ಮುಂದಿನ ಮಳೆಗೆ ನೀರೂ ಬಂತು. ಆಮೇಲೆ ಬಂದ ಹಿರಿಯ ಗೌಂಡಿ ಒಬ್ಬರು ಲೈಟಿನ ತೂತಿನಿಂದ ಟಾರ್ಚ್ ಬಿಟ್ಟು ನೋಡಿ ಹೇಳಿದರು: "ಸರ, ನೀರು ಬಿದ್ದಲ್ಲೇ ಇಳಿಯಂಗಿಲ್ರಿ. ದಾರಿ ಹುಡ್ಕೊಂಡು ಬರ್ತದ." ಸೋರುತ್ತಿದ್ದದ್ದು ಒಂಬತ್ತು ಅಡಿ ಆಚೆ, ಮಳೆನೀರು ಇಳಿಯುವ ಪೈಪಿನ ಬಾಯಿಯ ಸುತ್ತ. ಅಲ್ಲಿಂದ ಹನಿ ಬೋರ್ಡ್ ಹಿಡಿದಿರುವ ತಗಡಿನ ಚಾನೆಲ್ ಮೇಲೆ ಬಿದ್ದು, ಚಾನೆಲ್ ಗುಂಟ ಹರಿದು, ಎರಡು ಬೋರ್ಡ್ ಕೂಡುವ ಸಂದಿಯಲ್ಲಿ ಕೆಳಗಿಳಿಯುತ್ತಿತ್ತು. ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ ಮೊದಲು ಲೈಟ್ ಬಿಚ್ಚಿಸಿ ಸಂದಿನೊಳಗೆ ನೋಡುತ್ತೇನೆ. ಮೇನ್ ಸ್ವಿಚ್ ಆಫ್ ಮಾಡಿಸಿಯೇ ಬಿಚ್ಚಿಸುತ್ತೇನೆ. ನೀವೂ ಹಾಗೇ ಮಾಡಿ. ಒದ್ದೆ ಸೀಲಿಂಗ್ ಒಳಗೆ ವೈರ್ ಇರುತ್ತದೆ ಎಂಬುದು ಮರೆಯುವ ಮಾತಲ್ಲ.

ಮಾಳಿಗೆಯ ಮೇಲೆ ಅನುಮಾನ ಇದ್ದರೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ ಇದೆ. ಇಳಿಯುವ ಪೈಪಿಗೆ ಬಟ್ಟೆ ತುರುಕಿ, ಒಂದರಿಂದ ಎರಡು ಇಂಚು ನೀರು ನಿಲ್ಲಿಸಿ, 24ರಿಂದ 48 ತಾಸು ಬಿಡಬೇಕು. ದೊಡ್ಡ ಮಾಳಿಗೆಯನ್ನು ಇಟ್ಟಿಗೆ, ಗಾರೆಯ ಸಣ್ಣ ಕಟ್ಟೆಯಿಂದ ಭಾಗ ಮಾಡಿ ಒಂದೊಂದೇ ತುಂಬಿಸಿದರೆ ಯಾವ ಭಾಗ ಎಂದು ಸ್ಪಷ್ಟವಾಗುತ್ತದೆ. ಎರಡು ಇಂಚು ನೀರೆಂದರೆ ಚದರ ಮೀಟರಿಗೆ 50 ಕೆಜಿ ತೂಕ. ಗಟ್ಟಿ ಸ್ಲ್ಯಾಬಿಗೆ ಅದು ಲೆಕ್ಕವಲ್ಲ, ಆದರೆ ಕಬ್ಬಿಣ ಹೊರಗೆ ಕಾಣುವ ಹಳೆ ಸ್ಲ್ಯಾಬ್ ಮೇಲೆ, ಮಣ್ಣಿನ ಮಾಳಿಗೆಯ ಮೇಲೆ ಈ ಪರೀಕ್ಷೆ ಮಾಡಲೇಬೇಡಿ.

ಮಳೆಗೆ ಸಂಬಂಧವಿಲ್ಲದ ಕಲೆಗಳ ವಿಚಾರ ಬೇಗ ಮುಗಿಯುತ್ತದೆ. ಎಸಿ ಪಕ್ಕದಲ್ಲಿದ್ದರೆ ಅದರ ಡ್ರೇನ್‌ಗೆ ಒಂದು ತಂಬಿಗೆ ನೀರು ಸುರಿದು ಹೊರಗೆ ಬರುತ್ತದೋ ನೋಡಿ. ತಾಮ್ರದ ಪೈಪಿನ ಮೇಲಿನ ಫೋಮ್ ಹರಿದಿದ್ದರೆ ಮಳೆಗಾಲದ ಹಸಿ ಗಾಳಿಯಲ್ಲಿ ಪೈಪು ಬೆವೆತು ಹನಿಯುತ್ತದೆ. ಮೇಲೆ ಬಚ್ಚಲಿದ್ದರೆ ನೀರಿಗೆ ಬಣ್ಣ ಕಲಸಿ ಹರಿಬಿಡಿ. ಟಾಕಿ ತುಂಬಿ ಹೊರಚೆಲ್ಲುವ ಮನೆಗಳಲ್ಲಿ ಮೋಟರ್ ಹಾಕಿದ ದಿನವೇ ಕಲೆ ಹಸಿಯಾಗುತ್ತದೆ. ಇವೆಲ್ಲ ಒಂದು ದಿನದ ದುರಸ್ತಿ.

ಒಂದು ಎಚ್ಚರಿಕೆಯನ್ನು ಮಾತ್ರ ಬೇರೆಯಾಗಿ ಹೇಳಬೇಕು. ಲೈಟಿನ ತೂತಿನಿಂದ ನೋಡಿದಾಗ ಸ್ಲ್ಯಾಬ್ ತಳದಲ್ಲಿ ಉದ್ದುದ್ದ ತುಕ್ಕಿನ ಗೆರೆ, ಕಿತ್ತು ಬಿದ್ದ ಕಾಂಕ್ರೀಟ್ ತುಂಡು ಕಂಡರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತಿದೆ ಎಂದರ್ಥ. ಆಗ ಈ ಬರಹದ ಹೋಲಿಕೆ ಯಾವುದೂ ನಿಮಗಲ್ಲ. ಆ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ.

ಸೀಲಿಂಗಿಗೆ ಇರುವ ದಾರಿಗಳು

ನೀರಿನ ಮೂಲ ಸಿಕ್ಕಿತು, ನಿಂತಿತು ಎಂದಿಟ್ಟುಕೊಳ್ಳಿ. ಈಗ ಬೋರ್ಡಿನ ಮಾತು.

ಬಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗ. ಬೋರ್ಡು ಕಲ್ಲಿನಂತೆ ಗಟ್ಟಿ ಇದ್ದು, ಬೂಷ್ಟಿಲ್ಲದೆ, ಕಲೆ ಹಳೆಯದಾಗಿದ್ದರೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ಸಾಮಾನ್ಯ ಬಿಳಿ ಡಿಸ್ಟೆಂಪರ್, ನೀರಿನ ಎಮಲ್ಶನ್ ನೇರವಾಗಿ ಹಚ್ಚಿದರೆ ನನ್ನ ಮನೆಯ ಕಥೆಯೇ ಆಗುತ್ತದೆ. ಕಂದು ಬಣ್ಣ ನೀರಿನಲ್ಲಿ ಕರಗುವಂಥದು, ಹಸಿ ಬಣ್ಣದ ನೀರಿನಲ್ಲಿ ಕರಗಿ ಮೇಲೆ ಬರುತ್ತದೆ. ಎಷ್ಟು ಕೋಟ್ ಹೊಡೆದರೂ ಅಷ್ಟೇ. ಮೊದಲು ಎಣ್ಣೆ ಮೂಲದ, ಅಂದರೆ ಟರ್ಪೆಂಟೈನ್‌ನಲ್ಲಿ ಕಲಸುವ ಪ್ರೈಮರ್, ಇಲ್ಲವೇ ಅರಗಿನಿಂದ ಮಾಡಿದ ಶೆಲ್ಯಾಕ್ ಪ್ರೈಮರ್ ಕಲೆಯಾಚೆ ಅರ್ಧ ಅಡಿಯ ತನಕ ಹಚ್ಚಬೇಕು. ಅದು ಪೂರ್ತಿ ಒಣಗಿದ ಮೇಲೆ ಎಮಲ್ಶನ್. ಕಲೆಯಷ್ಟಕ್ಕೇ ಬಣ್ಣ ಮುಟ್ಟಿಸಿದರೆ ತೇಪೆ ಕಾಣುತ್ತದೆ, ಗೋಡೆಯಿಂದ ಗೋಡೆಗೆ ಇಡೀ ಸೀಲಿಂಗನ್ನು ಒಮ್ಮೆ ಹೊಡೆಸುವುದೇ ಲೇಸು. ಬಾಡಿಗೆ ಮನೆಯವರಿಗೆ, ಮಾಲಕರು ಮಾಳಿಗೆ ಸರಿ ಮಾಡಿಕೊಟ್ಟ ಮೇಲೆ, ಇದು ಸಾಕು.

ತುಂಡು ಕತ್ತರಿಸಿ ಹೊಸದು ಕೂರಿಸುವುದು ಹೆಚ್ಚಿನ ಮನೆಗಳಿಗೆ ನಾನು ಹೇಳುವ ದಾರಿ. ಇದರಲ್ಲಿ ಬಣ್ಣಕ್ಕೆ ಸಿಗದ ಒಂದು ಲಾಭ ಇದೆ: ಕತ್ತರಿಸಿದಾಗ ಮೇಲೆ ಏನಿದೆ ಎಂದು ಕಣ್ಣಾರೆ ಕಾಣುತ್ತದೆ. ಕಲೆಯ ಅಂಚಿಗೇ ಕತ್ತರಿಸಬಾರದು. ಒಣ, ಗಟ್ಟಿ ಭಾಗ ಸಿಗುವ ತನಕ, ಕನಿಷ್ಠ ಅರ್ಧ ಅಡಿ ಆಚೆಗೆ ಹೋಗಿ ಚೌಕಾಕಾರದಲ್ಲಿ ತೆಗೆಯಬೇಕು. ಆಗುವುದಾದರೆ ಅಂಚುಗಳು ಚಾನೆಲ್‌ನ ನಡುಗೆರೆಗೆ ಬರಲಿ, ಅಂದರೆ ಹಳೆ ಬೋರ್ಡಿಗೂ ಹೊಸ ತುಂಡಿಗೂ ಸ್ಕ್ರೂ ಹಿಡಿಯಲು ಜಾಗ ಸಿಗುತ್ತದೆ. ಚಾನೆಲ್ ಸಿಗದ ಕಡೆ ಹಿಂದೆ ಒಂದು ಪಟ್ಟಿ ಕೊಟ್ಟು ಅದಕ್ಕೆ ಸ್ಕ್ರೂ ಹಾಕಬೇಕು, ಬರೀ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿ ನಿಲ್ಲಿಸಿದ ತುಂಡು ಬಿರುಕು ಬಿಡುತ್ತದೆ. ಹೊಸ ತುಂಡು ಹಳೆಯದರಷ್ಟೇ ದಪ್ಪ ಇರಬೇಕು, ಸಾಮಾನ್ಯವಾಗಿ 12.5 ಮಿಲಿಮೀಟರ್. ಸಂದಿಗೆ ಟೇಪ್, ಅದರ ಮೇಲೆ ಜಾಯಿಂಟಿಂಗ್ ಕಂಪೌಂಡ್ ಮೂರು ತೆಳು ಕೋಟ್, ಪ್ರತಿ ಕೋಟ್ ಮೊದಲಿನದಕ್ಕಿಂತ ಅಗಲ. ಒಂದೇ ದಿನದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಕೊಡಬೇಡಿ. ಕೋಟಿನ ನಡುವೆ ಒಣಗಲು ಬಿಡದ ಸಂದಿ ದೀಪಾವಳಿಯೊಳಗೆ ಗೆರೆಯಾಗಿ ಕಾಣುತ್ತದೆ. ಖರ್ಚಿನಲ್ಲಿ ಬೋರ್ಡಿನ ಪಾಲು ಸಣ್ಣದು, ಎರಡು ಮೂರು ದಿನದ ಕೂಲಿಯೇ ದೊಡ್ಡದು. ಹಾಗಾಗಿ ಮನೆಯಲ್ಲಿ ಎರಡು ಮೂರು ಕಡೆ ಕಲೆ ಇದ್ದರೆ ಒಂದೇ ಸಲ ಮಾಡಿಸಿ.

ಇಲ್ಲಿ ತಾಳ್ಮೆ ಬೇಕಾದ ಒಂದು ಘಟ್ಟ ಇದೆ. ಕತ್ತರಿಸಿದ ಮೇಲೆ ತಕ್ಷಣ ಮುಚ್ಚಬೇಡಿ. ನೀರು ಕುಡಿದ ಸ್ಲ್ಯಾಬ್ ಒಣಗಲು ವಾರಗಳು ಬೇಕು. ಒಣಗಿತೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸ್ಲ್ಯಾಬ್ ತಳಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಮಾರನೆಯ ದಿನ ನೋಡಿ. ಹಾಳೆಯ ಒಳಬದಿಗೆ ಬೆವರು ಕೂತಿದ್ದರೆ ಇನ್ನೂ ತೇವ ಇದೆ. ತೂತು ಬಿದ್ದ ಸೀಲಿಂಗ್ ಕೆಳಗೆ ಒಂದು ತಿಂಗಳು ಇರುವುದು ಮುಜುಗರ, ನೆಂಟರು ಬಂದಾಗ ಇನ್ನೂ ಮುಜುಗರ, ಗೊತ್ತು. ಆದರೂ ಬಿಡಿ.

ಪೂರ್ತಿ ಕಿತ್ತು ಹೊಸದು ಹಾಕುವುದು ಯಾವಾಗ? ಬೋರ್ಡು ಹಲವು ಕಡೆ ಜೋತು ಬಿದ್ದಿದ್ದರೆ, ಬೂಷ್ಟು ಅಂಗೈಯಷ್ಟಕ್ಕಿಂತ ಬಹಳ ಹರಡಿದ್ದರೆ, ಚಾನೆಲ್ ತುಕ್ಕು ಹಿಡಿದಿದ್ದರೆ. ದಮ್ಮಿನವರು ಮಲಗುವ ಕೋಣೆಯಲ್ಲಿ ಬೂಷ್ಟಿನ ಬೋರ್ಡನ್ನು ಉಳಿಸಿಕೊಳ್ಳುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ಕೀಳುವವರು ಮಾಸ್ಕ್ ಹಾಕಿಕೊಳ್ಳಲಿ, ತುಂಡುಗಳನ್ನು ಚೀಲದಲ್ಲಿ ಕಟ್ಟಿ ಹೊರಗೊಯ್ಯಲಿ. ಹೊಸದು ಹಾಕುವಾಗ ಅಂಗಡಿಯವರು ಹಸಿರು ಬಣ್ಣದ ತೇವ ತಡೆಯುವ ಬೋರ್ಡ್ ತೋರಿಸುತ್ತಾರೆ. ಅದು ಬಚ್ಚಲಿನಂಥ ಕಡೆ ಹಬೆಗೆ ಒಳ್ಳೆಯದು. ಮೇಲಿನಿಂದ ನೀರು ಸೋರಿದರೆ ಅದೂ ಹಾಳಾಗುವುದೇ. ಸೋರುವುದಕ್ಕೆ ಅದು ಔಷಧ ಎಂದು ಹೇಳಿದರೆ ಕೇಳಬೇಡಿ.

ಪಿಒಪಿ ಸೀಲಿಂಗ್ ಇದ್ದವರ ಲೆಕ್ಕ ಸ್ವಲ್ಪ ಬೇರೆ. ಅದು ಜಾಲರಿಯ ಮೇಲೆ ಕೈಯಿಂದ ಬಳಿದದ್ದು, ಬೋರ್ಡಿಗಿಂತ ಭಾರ. ತೇಪೆ ಹಚ್ಚಿದರೆ ಸಂದಿ ಕಾಣದಂತೆ ಬೆರೆಯುತ್ತದೆ, ಅದು ಅದರ ಗುಣ. ಆದರೆ ನೆನೆದರೆ ಭಾರ ಇನ್ನೂ ಹೆಚ್ಚಿ, ಹಿಡಿತ ಬಿಟ್ಟು, ದೊಡ್ಡ ತುಂಡಾಗಿಯೇ ಬೀಳುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಷ್ಟೂ ಭಾಗವನ್ನು ಕೆಡವಿಸಿ.

ಅಂಗಡಿ, ಟ್ಯೂಷನ್ ಕ್ಲಾಸ್, ಆಫೀಸುಗಳಿಗೆ ಎರಡಡಿ ಚೌಕದ, ಎತ್ತಿ ಇಡುವ ಗ್ರಿಡ್ ಟೈಲ್ ಒಳ್ಳೆಯದು. ಒಂದು ಟೈಲ್ ಹಾಳಾದರೆ ಒಂದನ್ನೇ ಬದಲಿಸಬಹುದು, ಮೇಲೆ ಏನಿದೆ ಎಂದು ಯಾವಾಗ ಬೇಕಾದರೂ ಎತ್ತಿ ನೋಡಬಹುದು. ಮನೆಗೆ ಅದು ಆಫೀಸಿನ ಕಳೆ ತರುತ್ತದೆ ಎಂದು ಹೆಂಗಸರು ಒಪ್ಪುವುದಿಲ್ಲ, ಅದೂ ನ್ಯಾಯವೇ. ಈಚೆಗೆ ಪಿವಿಸಿ ಪ್ಯಾನೆಲ್ ಬಹಳ ಮಾರಾಟವಾಗುತ್ತಿದೆ, "ನೀರಿಗೆ ಏನೂ ಆಗಂಗಿಲ್ರಿ" ಎಂಬ ಮಾತಿನೊಂದಿಗೆ. ಪ್ಯಾನೆಲ್‌ಗೆ ಏನೂ ಆಗುವುದಿಲ್ಲ, ನಿಜ. ಆದರೆ ಅದರ ಮೇಲಿನ ಸ್ಲ್ಯಾಬಿಗೆ ಆಗುತ್ತಲೇ ಇರುತ್ತದೆ, ನಿಮಗೆ ಕಲೆಯೂ ಕಾಣದೆ. ಸೋರುವಿಕೆ ನಿಂತಿದೆ ಎಂಬ ಖಾತ್ರಿ ಇಲ್ಲದವರು ಪಿವಿಸಿ ಹಾಕಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಾಳಿಗೆಗೆ ಇರುವ ದಾರಿಗಳು

ನಿಜವಾದ ಹಣ ಹೋಗುವುದು ಇಲ್ಲಿ. ನಮ್ಮ ಸೀಮೆಯಲ್ಲಿ ಮಾಳಿಗೆಯನ್ನು ಬಿರುಕು ಬಿಡಿಸುವುದು ಬಿಸಿಲು, ಮಳೆ ಆ ಬಿರುಕನ್ನು ತೋರಿಸಿಕೊಡುತ್ತದೆ, ಅಷ್ಟೇ. ಒಂದು ಸಣ್ಣ ಲೆಕ್ಕ ನೋಡಿ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ ಸ್ಲ್ಯಾಬ್ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ತಣಿದಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯ ಪ್ರತಿ ದಿನವೂ ಇದು ನಡೆಯುತ್ತದೆ. ಬಿರುಕಿಗೆ ಬರಿ ಸಿಮೆಂಟ್ ತುಂಬಿದರೆ ಅದಕ್ಕೆ ಹಿಗ್ಗಲು ಬಾರದು, ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ನಾನು ತುಂಬಿಸಿದ ಬಿರುಕೂ ಹಾಗೇ ಒಡೆಯಿತು. ಇದರ ಜೊತೆಗೆ ಎರೆ ಭೂಮಿಯ ಮೇಲಿನ ಮನೆಗಳಲ್ಲಿ ಬೇಸಿಗೆಗೆ ನೆಲ ಬಿರಿದು, ಮಳೆಗೆ ಉಬ್ಬಿ, ಇಡೀ ಕಟ್ಟಡ ಅಲುಗಾಡುತ್ತದೆ. ಆದ್ದರಿಂದ ಇಲ್ಲಿನ ಮಾಳಿಗೆಗೆ ಮೂರು ಗುಣ ಬೇಕು: ಹಿಗ್ಗಿ ಕುಗ್ಗಲು ಬರಬೇಕು, ಕಾವನ್ನು ಹಿಂದಕ್ಕೆ ಎಸೆಯಬೇಕು, ನೀರನ್ನು ನಿಲ್ಲಗೊಡಬಾರದು.

ಮೂರನೆಯದನ್ನು ಮೊದಲು ನೋಡಿ, ಏಕೆಂದರೆ ಅದು ತಪ್ಪಿದ್ದರೆ ಉಳಿದೆಲ್ಲ ದುಬಾರಿಯಾಗುತ್ತದೆ. ಹತ್ತು ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು ಬೇಕು. ಕಲಬುರಗಿ ಕೋಟೆಯ ಜಾಮಾ ಮಸೀದಿಯನ್ನು ನೋಡುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ. 1367ರಲ್ಲಿ ಕಟ್ಟಿದ ಅದಕ್ಕೆ ಬಯಲು ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಳಿಗೆ. ಗುಮ್ಮಟದ ಬೆನ್ನ ಮೇಲೆ ಹನಿ ನಿಲ್ಲುವುದಿಲ್ಲ. ನಾವು ಸಮತಟ್ಟಾಗಿ ಸ್ಲ್ಯಾಬ್ ಹಾಕಿ, ಅದರ ಮೇಲೆ ನೀರು ತಾನಾಗಿ ಹೋಗಲಿ ಎಂದು ಬಿಟ್ಟಿರುತ್ತೇವೆ.

ಬಿರುಕಿಗೆ ಹಿಗ್ಗುವ ಸೀಲೆಂಟ್ ತುಂಬಿ, ಮೇಲೆ ಜಾಲರಿ ಬಟ್ಟೆ ಕೂರಿಸಿ ಬಿಳಿ ಅಕ್ರಿಲಿಕ್ ಕೋಟಿಂಗ್ ಎರಡು ಮೂರು ಸಲ ಹಚ್ಚುವುದು ಕಡಿಮೆ ಬಜೆಟ್ಟಿನ ದಾರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಕೆಳಗಿನ ಕೋಣೆ ತಂಪಾಗುವುದನ್ನು ಮೊದಲ ವಾರವೇ ಗಮನಿಸುತ್ತೀರಿ. ಸ್ಲ್ಯಾಬ್ ಹಿಗ್ಗಿದಂತೆ ಇದೂ ಹಿಗ್ಗುತ್ತದೆ. ಕೊರತೆ ಎರಡು. ನೀರು ನಿಲ್ಲುವ ತಗ್ಗಿನಲ್ಲಿ ಅಕ್ರಿಲಿಕ್ ಉಬ್ಬಿ ಏಳುತ್ತದೆ, ಮತ್ತೆ ಕೆಲವು ವರ್ಷಕ್ಕೊಮ್ಮೆ ಹೊಸ ಕೋಟ್ ಬೇಕು. ಸಂಡಿಗೆ, ಮೆಣಸಿನಕಾಯಿ ಒಣಹಾಕಲು ದಿನಾ ಓಡಾಡುವ ಮಾಳಿಗೆಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಮಾಳಿಗೆ ಇಳಿಜಾರು ಸರಿ ಇದ್ದು, ಬಿರುಕು ಸಣ್ಣವಿದ್ದರೆ ನಾನು ಮೊದಲು ಹೇಳುವುದು ಇದನ್ನೇ.

ಕೋಬಾ, ಅಂದರೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂರಿಸಿದ ದಪ್ಪ ಪದರ ಹಾಕಿ, ಮೇಲೆ ಶಹಾಬಾದ್ ಪರಸಿಯನ್ನೋ ಟೈಲ್ಸನ್ನೋ ಕೂರಿಸುವುದು ಗೌಂಡಿಗಳಿಗೆ ಪ್ರಿಯವಾದ ದಾರಿ. ಇಳಿಜಾರು ತಪ್ಪಿದ ಮಾಳಿಗೆಗೆ ಇದು ನಿಜವಾದ ಪರಿಹಾರ. ದಪ್ಪ ಇರುವುದರಿಂದ ಕಾವು ಇಳಿಯುವುದು ನಿಧಾನ, ಓಡಾಟಕ್ಕೆ ಗಟ್ಟಿ, ಪರಸಿ ನಮ್ಮ ಕಲಬುರಗಿ ಜಿಲ್ಲೆಯದೇ ಕಲ್ಲು, ಕೂರಿಸುವ ಕೈಗಳೂ ಇಲ್ಲೇ ಇವೆ. ಆದರೆ ತೂಕ ನೋಡಿ: ನಾಲ್ಕು ಇಂಚಿನ ಕೋಬಾ ಚದರ ಮೀಟರಿಗೆ ಹೆಚ್ಚು ಕಡಿಮೆ 200 ಕೆಜಿ. ಹಳೆ ಸ್ಲ್ಯಾಬ್ ಮೇಲೆ ಎಂಜಿನಿಯರ್ ಒಪ್ಪಿಗೆ ಇಲ್ಲದೆ ಹಾಕಿಸಬೇಡಿ. ಇನ್ನೊಂದು, ಕೋಬಾದ ಕೆಳಗೆ ನೀರು ತಡೆಯುವ ಪದರ ಬೇಕೇ ಬೇಕು. ಅದಿಲ್ಲದೆ ಪರಸಿಯ ಸಂದಿ ಬಿಟ್ಟರೆ ಕೋಬಾ ಸ್ಪಂಜಿನಂತೆ ನೀರು ಹೀರಿಟ್ಟುಕೊಂಡು, ಮಳೆ ನಿಂತು ಹದಿನೈದು ದಿನ ಆದರೂ ತೊಟ್ಟಿಕ್ಕುತ್ತದೆ, ಎಲ್ಲಿಂದ ಎಂದು ಹುಡುಕುವುದೂ ಕಷ್ಟ. ಹಳೆಯ ವಾಡೆಗಳ ಸುಣ್ಣದ ಗಚ್ಚು ಇದರ ಹಿರಿಯಣ್ಣ. ಅದನ್ನು ಬಡಿದು ಹದ ಮಾಡುವವರು ಸಿಕ್ಕರೆ ಭಾಗ್ಯ, ಸಿಗುವುದು ಅಪರೂಪ.

ಬೆಂಕಿ ಹಿಡಿದು ಅಂಟಿಸುವ ಡಾಂಬರಿನ ಶೀಟ್, ಎಪಿಪಿ ಮೆಂಬ್ರೇನ್ ಎನ್ನುತ್ತಾರೆ, ನೀರು ತಡೆಯುವುದರಲ್ಲಿ ಇವುಗಳಲ್ಲೇ ಗಟ್ಟಿ. ಹಾಳೆ ಹಾಳೆ ಕೂಡುವ ಕಡೆ ನಾಲ್ಕು ಇಂಚು ಒಂದರ ಮೇಲೊಂದು ಬರಬೇಕು, ಪ್ಯಾರಾಪೆಟ್ ಗೋಡೆಗೆ ಅರ್ಧ ಅಡಿಯಾದರೂ ಏರಬೇಕು. ನುರಿತ ಕೈ ಇಲ್ಲದಿದ್ದರೆ ಆ ಜೋಡಣೆಯಲ್ಲೇ ಸೋರುತ್ತದೆ. ನನ್ನ ಆಕ್ಷೇಪ ಬಣ್ಣಕ್ಕೆ. ಕರಿ ಹಾಳೆ ನಮ್ಮ ಬಿಸಿಲನ್ನು ಪೂರ್ತಿ ಕುಡಿದು ಕೋಣೆಗೆ ಇಳಿಸುತ್ತದೆ, ತಾನೂ ಬೇಗ ಮುಪ್ಪಾಗುತ್ತದೆ. ಮೇಲೆ ಬಿಳಿ ಅಥವಾ ಅಲ್ಯೂಮಿನಿಯಂ ಹೊದಿಕೆ, ಇಲ್ಲವೇ ಗಾರೆಯ ಪದರ ಹಾಕಿಸುವುದಾದರೆ ಮಾತ್ರ ಹೌದು ಎನ್ನಿ.

ಕೊನೆಯದು, ಕಂಬ ನಿಲ್ಲಿಸಿ ತಗಡಿನ ಶೆಡ್. ಖರ್ಚು ಹೆಚ್ಚು, ಆದರೆ ಮಳೆಯೂ ಬಿಸಿಲೂ ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ, ಬಟ್ಟೆ ಒಣಗಲು ನೆರಳಿನ ಜಾಗವೂ ಆಯಿತು. ಮುಂಗಾರು ಮುಂಚಿನ ಬಿರುಗಾಳಿಗೆ ತಗಡು ಹಾರುವುದನ್ನು ನೀವೂ ಕಂಡಿರುತ್ತೀರಿ. ಹಾಗಾಗಿ ಹಿಡಿತ ಭದ್ರವಿರಬೇಕು, ಕಂಬಕ್ಕಾಗಿ ಸ್ಲ್ಯಾಬಿಗೆ ಕೊರೆದ ತೂತೇ ಹೊಸ ಸೋರಿಕೆ ಆಗಬಾರದು. ಕಟ್ಟುವ ಮುಂಚೆ ನಗರಸಭೆಯಲ್ಲೋ ಪಾಲಿಕೆಯಲ್ಲೋ ಅನುಮತಿ ಬೇಕೇ ಎಂದು ಕೇಳಿಕೊಳ್ಳಿ.

ಯಾರಿಗೆ ಯಾವುದು

ಈಗ ಮಳೆ ಸುರಿಯುತ್ತಿದೆ, ಬೋರ್ಡು ಹೊಟ್ಟೆ ಬಿಟ್ಟಿದೆ ಎನ್ನುವವರು ಯಾವ ಆಯ್ಕೆಯನ್ನೂ ಇವತ್ತು ಮಾಡಬೇಡಿ. ಮೇನ್ ಆಫ್ ಮಾಡಿ, ಕೆಳಗೆ ಬಕೆಟ್ ಇಟ್ಟು, ಹೊಟ್ಟೆಯ ತುದಿಗೆ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಮಾಡಿ ನೀರು ಇಳಿಸಿ. ನೀರು ಉಳಿದರೆ ಇಡೀ ಬೋರ್ಡು ಬೀಳುತ್ತದೆ. ಮಾಳಿಗೆಗೆ ಹೋಗಿ ಪೈಪಿನ ಬಾಯಿಯ ಎಲೆ, ಕಸ ತೆಗೆಯಿರಿ, ತಾಡಪತ್ರಿ ಹೊದಿಸಿ. ಒದ್ದೆ ಸ್ಲ್ಯಾಬ್ ಮೇಲೆ ಕೋಟಿಂಗ್ ಹಚ್ಚುತ್ತೇನೆ ಎಂದು ಬಂದವರನ್ನು ವಾಪಸ್ ಕಳಿಸಿ, ಅದು ಹಿಡಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ, ಯುಗಾದಿಯೊಳಗೆ ಮಾಡಿಸುವ ಕೆಲಸವೇ ಬಾಳುವುದು: ಸ್ಲ್ಯಾಬ್ ಒಣಗಿರುತ್ತದೆ, ಬಿಸಿಲೂ ವಿಪರೀತ ಇರುವುದಿಲ್ಲ. ಮೇ ತಿಂಗಳಲ್ಲಿ ಮಾಡಿಸಲೇಬೇಕಾದರೆ ಬೆಳಗಿನ ತಂಪಿನಲ್ಲಿ ಮಾತ್ರ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಈ ವರ್ಷ ಬಿರುಕು, ಪೈಪಿನ ಬಾಯಿ, ಪ್ಯಾರಾಪೆಟ್ ಮೂಲೆ ಇಷ್ಟನ್ನೇ ಸರಿ ಮಾಡಿಸಿ ಬಿಳಿ ಕೋಟಿಂಗ್ ಹೊಡೆಸಿ. ಸೀಲಿಂಗ್ ತುಂಡು ಕತ್ತರಿಸಿ ತೆರೆದಿಡಿ, ಮುಂದಿನ ಮಳೆ ನೋಡಿ ಮುಚ್ಚಿಸಿ. ಬೀದರಿನವರಿಗೆ ಬಿಸಿಲು ನಮ್ಮಷ್ಟಿಲ್ಲ, ಅಲ್ಲಿ ಕಾವಿಗಿಂತ ಇಳಿಜಾರಿಗೆ ಹೆಚ್ಚು ಹಣ ಹಾಕಬಹುದು. ಮಣ್ಣಿನ ಮಾಳಿಗೆಯ ಹಳೆ ಮನೆಗೆ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿರುವವರಿಗೆ ಮಾತ್ರ ನನ್ನ ಸಲಹೆ ಬೇರೆ: ಕಲೆ ಬಿದ್ದರೆ ಸೀಲಿಂಗನ್ನು ದುರಸ್ತಿ ಮಾಡಬೇಡಿ, ತೆಗೆದುಬಿಡಿ. ತೊಲೆ, ಜಂತಿ ನೆನೆದು ಮೆತ್ತಗಾಗುವುದು, ಗೆದ್ದಲು ಹಿಡಿಯುವುದು ಕಣ್ಣಿಗೆ ಕಾಣುತ್ತಿರಬೇಕು. ಜಡಿಮಳೆಗೆ ಅಂಥ ಮಾಳಿಗೆಗಳು ಹೇಗೆ ಕುಸಿಯುತ್ತವೆ ಎಂದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು.

ಚಿಗವ್ವನ ಮನೆಗೆ ಆ ಭಾನುವಾರ ಹೋದೆ. ಬೋರ್ಡು ಒಂದೂವರೆ ಅಡಿಯಷ್ಟು ಮೆತ್ತಗಾಗಿತ್ತು, ಬೂಷ್ಟು ಇರಲಿಲ್ಲ. ಮಾಳಿಗೆಯ ಇಳಿಜಾರು ಚೆನ್ನಾಗಿಯೇ ಇತ್ತು, ಟಾಕಿಯ ಕಟ್ಟೆಯ ಬುಡದಲ್ಲಿ ಬಿರುಕು. ಟೈಲ್ಸ್ ಬೇಡ ಎಂದೆ. ಬಿರುಕಿಗೆ ಸೀಲೆಂಟ್, ಚಳಿಗಾಲಕ್ಕೆ ಬಿಳಿ ಕೋಟಿಂಗ್, ಕೆಳಗೆ ಎರಡೂವರೆ ಅಡಿ ಚೌಕ ಕತ್ತರಿಸುವುದು ಎಂದು ನಿಂತಿತು. ಆ ಚೌಕಕ್ಕೆ ಬೋರ್ಡ್ ಮುಚ್ಚಿ ಪುಟ್ಟಿ ಹಚ್ಚುವ ಬದಲು ಎತ್ತಿ ಇಡುವ ಮುಚ್ಚಳ ಮಾಡಿಸಿದ್ದೇವೆ. "ಅದ್ಯಾಕೋ, ಚಂದ ಕಾಣಂಗಿಲ್ಲ" ಎಂದಳು. ಚಂದ ಸ್ವಲ್ಪ ಕಡಿಮೆಯೇ. ಆದರೆ ಮುಂದಿನ ಮಿರಗ ಮಳೆ ಬಿದ್ದ ರಾತ್ರಿ ಅವಳ ಮಗ ಸ್ಟೂಲ್ ಹತ್ತಿ, ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು ಸ್ಲ್ಯಾಬನ್ನು ಕೈಯಿಂದ ಮುಟ್ಟಿ ನೋಡಬಹುದು.